ಶಾಂತವಾಗಿ ಕೊಯ್ದ ಮೂಗು: ಸಂದೇಶ ತಡೆದಿಡುವ ಆ್ಯಪ್ ಏಳು ತಿಂಗಳು ಬಳಸಿದ ಮೇಲೆ

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅಂತ ಒಂದು ಗಾದೆ ಇದೆಯಲ್ಲ, ಅದನ್ನೇ ಬಂಡವಾಳ ಮಾಡಿಕೊಂಡ ಆ್ಯಪ್ ಇದು. ಯಾರಿಗಾದರೂ ಸಂದೇಶ ಬರೆದು ‘ಕಳಿಸು’ ಒತ್ತಿದರೆ ತಕ್ಷಣ ಹೋಗುವುದಿಲ್ಲ, ಆ್ಯಪಿನ ಹೊಟ್ಟೆಯಲ್ಲೇ ಕೂತಿರುತ್ತದೆ. ಎರಡು ನಿಮಿಷ, ಹತ್ತು ನಿಮಿಷ, ಒಂದು ಗಂಟೆ, ಬೆಳಗಿನ ತನಕ, ಹೀಗೆ ನಾಲ್ಕು ಅವಧಿ. ಬೇಕಾದ್ದನ್ನು ನಾವೇ ಆರಿಸಿಕೊಳ್ಳಬೇಕು. ಅವಧಿ ಮುಗಿದ ಮೇಲೂ ತಾನಾಗಿ ಕಳಿಸುವುದಿಲ್ಲ. ಬರೆದದ್ದನ್ನು ಮತ್ತೆ ನಮ್ಮ ಮುಂದೆ ಹಿಡಿದು ‘ಈಗಲೂ ಕಳಿಸಬೇಕೇ?’ ಅಂತ ಕೇಳುತ್ತದೆ. ಕೆಳಗೆ ಮೂರು ಬಟನ್: ಕಳಿಸು, ತಿದ್ದು, ಅಳಿಸು.

ಹೆಸರು ಬರೆಯುತ್ತಿಲ್ಲ. ಇಂಥವು ಈಗ ಬೇಕಾದಷ್ಟಿವೆ. ನನ್ನ ತಕರಾರು ಇದೊಂದರ ಮೇಲಲ್ಲ, ಈ ಜಾತಿಯ ಆ್ಯಪ್‌ಗಳೆಲ್ಲ ಮನುಷ್ಯನ ಬಗ್ಗೆ ಇಟ್ಟುಕೊಂಡಿರುವ ಒಂದು ನಂಬಿಕೆಯ ಮೇಲೆ. ಆ ನಂಬಿಕೆ ಇಷ್ಟು: ಕೆಟ್ಟದ್ದು ಆಗುವುದು ಯೋಚಿಸಲು ಸಮಯ ಸಿಗದೆ. ಸಮಯ ಕೊಡಿ, ಮನುಷ್ಯ ಸರಿಹೋಗುತ್ತಾನೆ. ನಾನೂ ಅದನ್ನೇ ನಂಬಿ ಹಾಕಿಕೊಂಡವನು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಹಾಕಿಕೊಂಡ ಎರಡನೇ ವಾರ. ಅಮ್ಮನ ಔಷಧಿಯ ವಿಚಾರಕ್ಕೆ ಅಕ್ಕನ ಜೊತೆ ಜಗಳವಾಯಿತು. ರಾತ್ರಿ ಹನ್ನೊಂದೂವರೆಗೆ ಬರೆದೆ: ‘ನಿನಗೆ ಅಮ್ಮ ನೆನಪಾಗುವುದು ಫೋಟೊ ಹಾಕುವಾಗ ಮಾತ್ರ.’ ಅವಧಿ ‘ಬೆಳಗಿನ ತನಕ’ ಇತ್ತು. ಬೆಳಗ್ಗೆ ಆರೂವರೆಗೆ ಆ್ಯಪ್ ಆ ಸಾಲನ್ನು ತೆರೆದು ತೋರಿಸಿದಾಗ ಮೈ ಬಿಸಿಯಾಯಿತು. ಅಳಿಸಿದೆ. ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಅದೊಂದಕ್ಕೇ ಎರಡು ನಕ್ಷತ್ರ ಕೊಡಬಹುದು, ಕೊಡುತ್ತಿದ್ದೇನೆ ಕೂಡ. ಇಂಥ ಸಣ್ಣಪುಟ್ಟವು ಇನ್ನೂ ಹತ್ತಾರು ಇದ್ದಾವು: ಗುಂಪಿನಲ್ಲಿ ಕೊಂಕು, ಮೇಲಧಿಕಾರಿಗೆ ವ್ಯಂಗ್ಯ, ಗುರುತೇ ಇಲ್ಲದವರ ಜೊತೆ ವಾದ. ಅವೆಲ್ಲ ತಡೆಯಲ್ಲೇ ಸತ್ತವು. ಗಾದೆಯ ಮಟ್ಟಿಗೆ ಆ್ಯಪ್ ಗೆದ್ದಿತು.

ಇನ್ನು ಬಳಕೆಯ ವಿಚಾರ. ಆ್ಯಪಿನ ಕನ್ನಡ ಪರವಾಗಿಲ್ಲ, ಯಂತ್ರಕ್ಕೆ ಹಾಕಿ ತೆಗೆದ ಹಾಗಿಲ್ಲ. ಬ್ಯಾಟರಿ ತಿನ್ನುವುದಿಲ್ಲ. ವಾರಕ್ಕೊಮ್ಮೆ ‘ಈ ವಾರ 14 ಸಂದೇಶ ತಡೆದಿರಿ, ಅಭಿನಂದನೆ’ ಅಂತ ಒಂದು ಹಸಿರು ಚೀಟಿ ಬರುತ್ತದೆ. ಅದನ್ನು ಮೊದಲು ಆಫ್ ಮಾಡಿ. ಪ್ರತಿ ತಿದ್ದುಪಡಿಯ ಇತಿಹಾಸ ಗಂಟೆ ನಿಮಿಷ ಸಮೇತ ಉಳಿದಿರುತ್ತದೆ. ಇದು ಯಾಕೆ ಬೇಕು ಅಂತ ಶುರುವಿನಲ್ಲಿ ಅನ್ನಿಸಿತ್ತು. ಈಗ ಈ ಬರಹವನ್ನು ಅದನ್ನು ನೋಡಿಕೊಂಡೇ ಬರೆಯುತ್ತಿದ್ದೇನೆ.

ಮೂರನೇ ತಿಂಗಳಲ್ಲಿ ಆದದ್ದು ಹೇಳುತ್ತೇನೆ. ನನಗೊಬ್ಬ ಗೆಳೆಯ, ಹದಿನೆಂಟು ವರ್ಷದ ಗೆಳೆತನ. ನಾನು ಕರಡು ತಿದ್ದುವವನು, ಅವನು ಅನುವಾದಕ, ಆಗಾಗ ಒಟ್ಟಿಗೆ ಕೆಲಸ ಹಿಡಿಯುತ್ತೇವೆ. ಒಂದು ದೊಡ್ಡ ಕೆಲಸ ಒಪ್ಪಿಸಲು ಎರಡು ದಿನ ಇದ್ದಾಗ ಅವನು ಫೋನ್ ಎತ್ತುವುದನ್ನು ನಿಲ್ಲಿಸಿದ. ಹನ್ನೊಂದು ಸಲ ಮಾಡಿದೆ. ಎತ್ತಲಿಲ್ಲ. ಅವನ ಪಾಲಿನದನ್ನೂ ನಾನೇ ಕೂತು ಮುಗಿಸಿ ಕಳಿಸಿದೆ. ಯಾಕೆ ಎತ್ತಲಿಲ್ಲ ಅಂತ ನನಗೆ ಆಗ ಗೊತ್ತಿರಲಿಲ್ಲ. ಕೇಳಲೂ ಇಲ್ಲ.

ಇನ್ನೊಂದು ಸಂಗತಿ ಮಾತ್ರ ಗೊತ್ತಿತ್ತು. ಅವನ ಅಪ್ಪ ತೀರಿಕೊಂಡ ಸಂಜೆ ಅಪ್ಪನಿಂದಲೇ ಅವನಿಗೆ ಒಂದು ಕರೆ ಬಂದಿತ್ತು. ಇವನು ಏನೋ ಕೆಲಸದಲ್ಲಿದ್ದ, ಆಮೇಲೆ ಮಾತಾಡೋಣ ಅಂತ ಬಿಟ್ಟ. ಆಮೇಲೆ ಅನ್ನುವುದು ಬರಲಿಲ್ಲ. ಇದನ್ನು ಅವನು ನನಗೆ ಒಂದೇ ಒಂದು ಸಲ ಹೇಳಿದ್ದಾನೆ, ಕತ್ತಲಲ್ಲಿ, ನನ್ನ ಮುಖ ನೋಡದೆ. ಬೇರೆ ಯಾರಿಗೂ ಹೇಳಿದ್ದಾನೆ ಅಂತ ನನಗೆ ಅನ್ನಿಸುವುದಿಲ್ಲ.

ಇತಿಹಾಸದಲ್ಲಿರುವುದು ಹೀಗೆ. ರಾತ್ರಿ 9:41ಕ್ಕೆ ಮೊದಲ ಕರಡು, ನೂರೆಂಬತ್ತು ಪದ, ಅವಧಿ ಹತ್ತು ನಿಮಿಷ. ಆ್ಯಪಿನಲ್ಲಿ ದನಿ ಪರೀಕ್ಷೆ ಅಂತ ಒಂದಿದೆ. ಗಡುಸು ಪದಗಳಿಗೆ ಕೆಂಪು ಗೆರೆ ಎಳೆಯುತ್ತದೆ. ಮೂರಕ್ಕೆ ಎಳೆದಿತ್ತು: ‘ಬೇಜವಾಬ್ದಾರಿ’, ‘ನಾಚಿಕೆ’, ‘ದರಿದ್ರ’. 9:44ಕ್ಕೆ ಮೂರನ್ನೂ ತೆಗೆದಿದ್ದೇನೆ. 9:46ಕ್ಕೆ ಕೆಲಸದ ಲೆಕ್ಕ, ಹನ್ನೊಂದು ಕರೆಗಳ ಪಟ್ಟಿ, ‘ನಾನೊಬ್ಬನೇ ಸಾಯಬೇಕಾಯಿತು’ ಅನ್ನುವ ಗೋಳು, ಎಲ್ಲ ಹೋಯಿತು. 9:48ಕ್ಕೆ ಉಳಿದದ್ದು ಒಂದು ಸಾಲು: ‘ಫೋನ್ ಎತ್ತದಿರುವುದು ನಿನಗೇನು ಹೊಸದಾ?’

9:50ಕ್ಕೆ ಕೊನೆಯ ತಿದ್ದುಪಡಿ: ‘ಫೋನ್ ಎತ್ತದಿರುವುದು ನಿನಗೆ ಹೊಸದಲ್ಲವಲ್ಲ.’

ಈ ಎರಡು ಸಾಲಿನ ನಡುವಿನ ಎರಡು ನಿಮಿಷದಲ್ಲಿ ನಾನು ಮಾಡಿದ್ದೇನು ಅಂತ ನನಗೆ ಚೆನ್ನಾಗಿ ನೆನಪಿದೆ. ಪ್ರಶ್ನೆ ಕೇಳಿದರೆ ಅವನು ಉತ್ತರ ಕೊಡಬಹುದು, ಬೈಯಬಹುದು, ಹೌದು ಮಾರಾಯ ಏನೀಗ ಅನ್ನಬಹುದು. ಪ್ರಶ್ನಾರ್ಥಕ ಚಿಹ್ನೆ ತೆಗೆದು ಪೂರ್ಣವಿರಾಮ ಇಟ್ಟರೆ ಬಾಗಿಲು ಮುಚ್ಚಿದ ಹಾಗೆ. ‘ಹೊಸದಾ’ದಲ್ಲಿ ಏರುದನಿ ಇದೆ. ‘ಹೊಸದಲ್ಲವಲ್ಲ’ದಲ್ಲಿ ಇಲ್ಲ, ಆ ಕೊನೆಯ ‘ಅಲ್ಲ’ ಎಷ್ಟು ಮೆತ್ತಗೆ ಕೂರುತ್ತದೆ ನೋಡಿ, ಮರೆತದ್ದನ್ನು ನೆನಪಿಸಿದ ಹಾಗೆ, ಸಮಾಧಾನ ಹೇಳಿದ ಹಾಗೆ. ಇಪ್ಪತ್ತು ವರ್ಷ ಬೇರೆಯವರ ವಾಕ್ಯ ತಿದ್ದಿ ಕಲಿತದ್ದನ್ನೆಲ್ಲ ಆ ನಾಲ್ಕು ಪದಕ್ಕೆ ಸುರಿದಿದ್ದೆ. ದನಿ ಪರೀಕ್ಷೆ ಹಸಿರು ದೀಪ ಹಚ್ಚಿ ‘ಸೌಮ್ಯ’ ಅಂತ ತೋರಿಸಿತು.

9:51ಕ್ಕೆ ‘ಈಗಲೂ ಕಳಿಸಬೇಕೇ?’ ಬಂತು. 9:52ಕ್ಕೆ ಕಳಿಸಿದೆ.

ಆ್ಯಪ್ ಇಲ್ಲದಿದ್ದರೆ ಏನಾಗುತ್ತಿತ್ತು? 9:41ರ ನೂರೆಂಬತ್ತು ಪದ ಹೋಗುತ್ತಿತ್ತು. ಅವನು ಓದಿ ಸಿಟ್ಟಾಗಿ ಫೋನ್ ಮಾಡುತ್ತಿದ್ದ, ಅರ್ಧ ಗಂಟೆ ಕಿರುಚಾಡುತ್ತಿದ್ದೆವು, ವಾರದೊಳಗೆ ಸರಿಹೋಗುತ್ತಿತ್ತು. ಹದಿನೆಂಟು ವರ್ಷದಲ್ಲಿ ಅಂಥದ್ದು ಎಷ್ಟೋ ಆಗಿದೆ. ಹತ್ತು ನಿಮಿಷ ಸಿಕ್ಕಿದ್ದಕ್ಕೆ ಕೋಪ ಇಳಿಯಿತು, ನಿಜ. ಕೋಪ ಇಳಿದ ಮೇಲೆ ಕೈ ನಡುಗಲಿಲ್ಲ, ಅದಕ್ಕೇ ಸರಿಯಾದ ಜಾಗಕ್ಕೆ ಬಿತ್ತು. ಶಾಂತವಾಗಿ ಕೊಯ್ದ ಮೂಗಿಗೆ ನಮ್ಮಲ್ಲಿ ಗಾದೆ ಇಲ್ಲ.

ಇದಕ್ಕೆ ಆ್ಯಪಿನ ಒಂದು ದೋಷವೂ ಕಾರಣ, ಅದನ್ನು ಇಲ್ಲೇ ಹೇಳುತ್ತೇನೆ. ‘ತಿದ್ದು’ ಒತ್ತಿದರೆ ಗಡಿಯಾರ ಹಿಂದಕ್ಕೆ ಹೋಗುವುದಿಲ್ಲ. 9:50ಕ್ಕೆ ಹುಟ್ಟಿದ ವಾಕ್ಯಕ್ಕೆ ತಡೆ ಸಿಕ್ಕಿದ್ದು ಒಂದು ನಿಮಿಷ ಮಾತ್ರ. ಗ್ರಾಹಕ ಸೇವೆಗೆ ಬರೆದೆ: ತಿದ್ದಿದಾಗೆಲ್ಲ ಅವಧಿ ಹೊಸದಾಗಿ ಶುರುವಾಗಬೇಕು, ಇಲ್ಲವಾದರೆ ಇದು ಸಾಣೆಕಲ್ಲು. ಮೂರು ದಿನಕ್ಕೆ ಬಹಳ ವಿನಯದ ಉತ್ತರ ಬಂತು, ಹಾಗೆ ಮಾಡಿದರೆ ಬಳಕೆದಾರರ ಸ್ವಾತಂತ್ರ್ಯಕ್ಕೆ ಅಡ್ಡಿಯಾಗುತ್ತದಂತೆ. ಸ್ವಾತಂತ್ರ್ಯ! ಆ ಪದ ಓದಿ ನಗು ಬಂತು. ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ, ಇನ್ನೂ ಹತ್ತು ನಿಮಿಷ ಕೊಟ್ಟಿದ್ದರೂ ನಾನು ಕಳಿಸುತ್ತಿದ್ದೆ. ಆ ವಾಕ್ಯ ಅಷ್ಟು ಚೆನ್ನಾಗಿ ಬಂದಿತ್ತು.

ಆ್ಯಪಿನಲ್ಲಿ ‘ಓದು’ ಅಂತ ಒಂದು ವಿಭಾಗ ಇದೆ. ಸಣ್ಣ ಸಣ್ಣ ಲೇಖನಗಳು. ಆ ರಾತ್ರಿಯ ನಂತರ ಕೂತು ಎಲ್ಲವನ್ನೂ ಓದಿದೆ. ಏನೋ ಒಂದು ನೆಪ ಸಿಗಬಹುದು ಅನ್ನುವ ಆಸೆಯಿಂದ ಅಂತಲೇ ಇಟ್ಟುಕೊಳ್ಳಿ. ಲೇಖನಗಳು ಸುಲಭವಾಗಿ ಓದಿಸಿಕೊಳ್ಳುತ್ತವೆ, ಆದರೆ ಎಲ್ಲವೂ ಅರ್ಧರ್ಧ ಹೇಳುತ್ತವೆ, ಆ್ಯಪಿಗೆ ಅನುಕೂಲವಾಗುವ ಅರ್ಧ.

ಮೊದಲ ಲೇಖನ ಬೆಂಜಮಿನ್ ಲಿಬೆಟ್ ಎಂಬ ವಿಜ್ಞಾನಿ 1983ರಲ್ಲಿ ಪ್ರಕಟಿಸಿದ ಪ್ರಯೋಗದ ಮೇಲೆ. ಜನರನ್ನು ಕೂರಿಸಿ, ನಿಮಗೆ ಮನಸ್ಸಾದಾಗ ಮಣಿಕಟ್ಟು ಅಲ್ಲಾಡಿಸಿ ಅಂದರು. ಎದುರಿಗೆ 2.56 ಸೆಕೆಂಡಿಗೊಮ್ಮೆ ಸುತ್ತು ಹಾಕುವ ಚುಕ್ಕೆಯ ಗಡಿಯಾರ. ಅಲ್ಲಾಡಿಸಬೇಕು ಅನ್ನಿಸಿದ ಕ್ಷಣ ಚುಕ್ಕೆ ಎಲ್ಲಿತ್ತು ಅಂತ ಅವರೇ ಹೇಳಬೇಕು. ಕೈ ಅಲುಗುವುದಕ್ಕೆ ಸುಮಾರು 200 ಮಿಲಿಸೆಕೆಂಡ್ ಮುಂಚೆ ‘ಅನ್ನಿಸಿತು’ ಅಂತ ಜನ ಹೇಳಿದರು. ತಲೆಗೆ ಹಚ್ಚಿದ ತಂತಿಗಳಲ್ಲಿ ಮಿದುಳಿನ ತಯಾರಿಯ ಅಲೆ ಮಾತ್ರ ಸುಮಾರು 550 ಮಿಲಿಸೆಕೆಂಡ್ ಮುಂಚೆಯೇ ಎದ್ದಿತ್ತು. ಅಂದರೆ ನಾವು ನಿರ್ಧರಿಸಿದೆವು ಅಂದುಕೊಳ್ಳುವ ಮೊದಲೇ ಒಳಗೆ ಕೆಲಸ ಶುರುವಾಗಿದೆ. ಆದರೂ ಕೊನೆಯ ಗಳಿಗೆಯಲ್ಲಿ ‘ಬೇಡ’ ಅನ್ನುವ ಅವಕಾಶ ಉಳಿದಿದೆ ಅಂತ ಲಿಬೆಟ್ ವಾದಿಸಿದರು. ನಮ್ಮ ಆ್ಯಪ್ ಆ ‘ಬೇಡ’ದ ಕಿಂಡಿಯನ್ನು ದೊಡ್ಡದು ಮಾಡುತ್ತದೆ ಅನ್ನುವುದು ಲೇಖನದ ಸಾರ.

ಹೇಳದೆ ಬಿಟ್ಟದ್ದು: 2012ರಲ್ಲಿ ಆರನ್ ಶೂರ್ಗರ್ ಮತ್ತು ಜೊತೆಗಾರರು ಆ ಅಲೆಗೆ ಬೇರೆಯೇ ವಿವರಣೆ ಕೊಟ್ಟಿದ್ದಾರೆ. ಅದು ಮಿದುಳು ಮೊದಲೇ ಮಾಡಿದ ತೀರ್ಮಾನವಲ್ಲ, ಸುಮ್ಮನೆ ಏರಿಳಿಯುತ್ತಿರುವ ಚಟುವಟಿಕೆ ಒಂದು ಮಟ್ಟ ದಾಟಿದಾಗ ಕೈ ಅಲುಗುತ್ತದೆ, ಹಿಂತಿರುಗಿ ನೋಡಿ ಸರಾಸರಿ ತೆಗೆದರೆ ಅದು ತಯಾರಿಯ ಹಾಗೆ ಕಾಣುತ್ತದೆ ಅಂತ. ಅದಿರಲಿ. ಮಣಿಕಟ್ಟು ಅಲ್ಲಾಡಿಸುವುದರಲ್ಲಿ ಯಾರಿಗೆ ಏನು ನೋವು? ಈಗ ಅಲ್ಲಾಡಿಸಿದರೂ ಆಮೇಲೆ ಅಲ್ಲಾಡಿಸಿದರೂ ಒಂದೇ. ನನ್ನದು ಹಾಗಲ್ಲ. ಲಿಬೆಟ್ ಅವರ ಜನಕ್ಕೆ ಸಿಕ್ಕಿದ್ದು ಸೆಕೆಂಡಿನ ಐದರಲ್ಲೊಂದು ಪಾಲು. ನನಗೆ ಸಿಕ್ಕಿದ್ದು 600 ಸೆಕೆಂಡು, ಅಂಥ ಮೂರು ಸಾವಿರ ಕಿಂಡಿ. ಒಂದರಲ್ಲೂ ಕೈ ಹಾಕಲಿಲ್ಲ. ಮಿದುಳು ನನಗಿಂತ ಮುಂಚೆ ನಿರ್ಧರಿಸಿತ್ತು ಅಂತ ಹೇಳಲು ನನಗೆ ಮುಖವಿಲ್ಲ, ನಾಲ್ಕು ಸಲ ತಿದ್ದಿದ ದಾಖಲೆ ಕಣ್ಣ ಮುಂದೆ ಇರುವಾಗ.

ಎರಡನೇ ಲೇಖನ ಸಾಕ್ರಟೀಸನದು. ಯಾರೂ ಗೊತ್ತಿದ್ದೂ ಕೆಟ್ಟದ್ದು ಮಾಡುವುದಿಲ್ಲ, ಮಾಡಿದರೆ ಅದು ಕೆಟ್ಟದ್ದು ಅಂತ ಸರಿಯಾಗಿ ತಿಳಿಯದೆ ಅನ್ನುವ ಅವನ ಮಾತು. ಇದೇ ಆ್ಯಪಿನ ಕುಲದೇವರು ಅನ್ನಬಹುದು. ನನಗೆ ಇದು ಯಾವತ್ತೂ ಒಪ್ಪಿಗೆಯಾಗಿರಲಿಲ್ಲ, ನಾವೆಲ್ಲ ಚಿಕ್ಕಂದಿನಿಂದ ಕೇಳಿದ ದುರ್ಯೋಧನನ ಮಾತು ಇದಕ್ಕೆ ಎದುರು ನಿಂತಿದೆಯಲ್ಲ: ಧರ್ಮ ಯಾವುದು ಅಂತ ಗೊತ್ತು, ಅದರ ಕಡೆ ಮನಸ್ಸು ಹರಿಯುವುದಿಲ್ಲ, ಅಧರ್ಮ ಯಾವುದು ಅಂತಲೂ ಗೊತ್ತು, ಅದರಿಂದ ಹಿಂದೆ ಸರಿಯಲಾಗುವುದಿಲ್ಲ. ಇಷ್ಟನ್ನು ಎಲ್ಲರೂ ಹೇಳುತ್ತಾರೆ, ಎಂಥ ಪ್ರಾಮಾಣಿಕತೆ ಅಂತ ತಲೆದೂಗುತ್ತಾರೆ. ಆ ಶ್ಲೋಕದ ಎರಡನೇ ಅರ್ಧ ಯಾರೂ ಹೇಳುವುದಿಲ್ಲ. ನನ್ನ ಹೃದಯದಲ್ಲಿ ಕೂತ ಯಾವುದೋ ದೇವರು ಹೇಗೆ ನಿಯೋಜಿಸುತ್ತಾನೋ ಹಾಗೆ ಮಾಡುತ್ತೇನೆ ಅಂತ ಅದು. ಜಾರಿಕೊಂಡ ನೋಡಿ. ಅರ್ಜುನ ಕೃಷ್ಣನನ್ನು ಕೇಳುವುದೂ ಇದೇ ಧಾಟಿಯಲ್ಲಿ: ಇಷ್ಟವಿಲ್ಲದಿದ್ದರೂ, ಬಲವಂತವಾಗಿ ಯಾರೋ ನಿಯೋಜಿಸಿದ ಹಾಗೆ ಮನುಷ್ಯ ಪಾಪ ಮಾಡುತ್ತಾನಲ್ಲ, ಯಾರು ಮಾಡಿಸುವುದು? ಕರಡು ತಿದ್ದುವವನ ಕಣ್ಣಿಗೆ ಇದು ಬೀಳದೆ ಇರುವುದಿಲ್ಲ, ಅರ್ಜುನ ‘ನಿಯೋಜಿತಃ’ ಅನ್ನುತ್ತಾನೆ, ದುರ್ಯೋಧನ ‘ನಿಯುಕ್ತೋಽಸ್ಮಿ’. ಎರಡೂ ಒಂದೇ ಧಾತು. ಅರ್ಜುನ ಮಾತ್ರ ‘ಹಾಗೆ’ ಅನ್ನುವ ‘ಇವ’ ಒಂದನ್ನು ಉಳಿಸಿಕೊಂಡಿದ್ದಾನೆ, ಬಲವಂತದ ಹಾಗೆ ಅಂತ, ಬಲವಂತವೇ ಅಂತಲ್ಲ. ಕೃಷ್ಣ ಕೊಡುವ ಉತ್ತರ ಕಾಮ ಮತ್ತು ಕ್ರೋಧ. 9:41ಕ್ಕೆ ಕ್ರೋಧ ಇತ್ತು, ಒಪ್ಪುತ್ತೇನೆ. 9:50ಕ್ಕೆ ಇದ್ದದ್ದು ಯಾವುದು? ನನ್ನನ್ನು ಯಾರೂ ತಳ್ಳುತ್ತಿರಲಿಲ್ಲ. ಕುರ್ಚಿಗೆ ಒರಗಿ ಕೂತಿದ್ದೆ.

ಮೂರನೇ ಲೇಖನ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬ ಮನಶ್ಶಾಸ್ತ್ರಜ್ಞರ ಮೇಲೆ. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಪ್ರಯೋಗ. ಪಕ್ಕದ ಕೋಣೆಯಲ್ಲಿರುವವನು ತಪ್ಪು ಉತ್ತರ ಕೊಟ್ಟಾಗೆಲ್ಲ ವಿದ್ಯುತ್ ಆಘಾತ ಕೊಡಬೇಕು, 15 ವೋಲ್ಟಿನಿಂದ 450ರ ತನಕ ಮೂವತ್ತು ಸ್ವಿಚ್ಚು. ಆಘಾತ ನಿಜವಾದದ್ದಲ್ಲ, ಆಚೆ ಇದ್ದವನು ನಟಿಸುತ್ತಿದ್ದ. ಸ್ವಿಚ್ಚು ಒತ್ತುವವನಿಗೆ ಅದು ಗೊತ್ತಿರಲಿಲ್ಲ. 1963ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ 40 ಜನರಲ್ಲಿ 26 ಮಂದಿ ಕೊನೆಯ ಸ್ವಿಚ್ಚಿನ ತನಕ ಹೋದರು. ‘ಮನುಷ್ಯ ಆಜ್ಞೆಗೆ ತಲೆಬಾಗುತ್ತಾನೆ, ಆದ್ದರಿಂದ ಒಂದು ಕ್ಷಣ ನಿಲ್ಲಿ’ ಅಂತ ಲೇಖನ ಮುಗಿಯುತ್ತದೆ.

ಇಲ್ಲೂ ರಸವತ್ತಾದ ಭಾಗವನ್ನೇ ಬಿಟ್ಟಿದ್ದಾರೆ. ಹಿಂಜರಿದವರಿಗೆ ಹೇಳಲು ಪ್ರಯೋಗದವನ ಹತ್ತಿರ ನಾಲ್ಕು ಸಿದ್ಧ ಮಾತು ಇದ್ದವು. ‘ದಯವಿಟ್ಟು ಮುಂದುವರಿಸಿ’ಯಿಂದ ಶುರುವಾಗಿ, ನಾಲ್ಕನೆಯದು ‘ನಿಮಗೆ ಬೇರೆ ದಾರಿಯಿಲ್ಲ, ಮುಂದುವರಿಸಲೇಬೇಕು’. ಜೆರ್ರಿ ಬರ್ಗರ್ ಎಂಬವರು 150 ವೋಲ್ಟಿಗೆ ನಿಲ್ಲಿಸುವ ಹಾಗೆ ಇದನ್ನು ಮತ್ತೆ ಮಾಡಿ 2009ರಲ್ಲಿ ಪ್ರಕಟಿಸಿದರು. ಅಲ್ಲಿ ನಾಲ್ಕನೇ ಮಾತು ಕೇಳಿಸಿಕೊಂಡವರಲ್ಲಿ ಒಬ್ಬರೂ ಮುಂದುವರಿಯಲಿಲ್ಲ. ಬೇರೆ ದಾರಿಯಿಲ್ಲ ಅಂದ ಕೂಡಲೇ ಜನಕ್ಕೆ ದಾರಿ ಕಂಡಿತು! ಆ್ಯಪ್ ನನಗೆ ಮಾಡಿದ್ದು ಇದರ ತಿರುವುಮುರುವು. ಮೂರು ಬಟನ್ ಇಟ್ಟು, ನಿಮ್ಮ ಇಷ್ಟ ಅಂತ ಸುಮ್ಮನೆ ನಿಂತಿತು. ನಾನು ಇಷ್ಟಪಟ್ಟೆ.

ಮಿಲ್‌ಗ್ರಾಮ್ ಅವರಿಂದ ಆ್ಯಪಿನವರು ನಿಜಕ್ಕೂ ಕಲಿಯಬೇಕಾದ್ದು ಬೇರೆ ಇತ್ತು. ಆಘಾತ ತಿನ್ನುವವನನ್ನು ಅದೇ ಕೋಣೆಗೆ ತಂದು ಕೂರಿಸಿದಾಗ ಕೊನೆಯ ತನಕ ಹೋದವರು ನೂರಕ್ಕೆ 65ರಿಂದ 40ಕ್ಕೆ ಇಳಿದರು. ಅವನ ಕೈಯನ್ನು ಹಿಡಿದು ಆಘಾತ ಕೊಡುವ ತಟ್ಟೆಯ ಮೇಲೆ ಒತ್ತಬೇಕು ಅಂದಾಗ 30ಕ್ಕೆ. ನಿಮಿಷಕ್ಕಿಂತ ಮುಖ ದೊಡ್ಡದು ಅಂತ ಆಯಿತಲ್ಲ. ಈ ಆ್ಯಪಿನಲ್ಲಿ ಸಂದೇಶ ಯಾರಿಗೆ ಹೋಗುತ್ತದೋ ಅವರನ್ನು ಒಂದು ಬಣ್ಣದ ಉಂಡೆಯಲ್ಲಿ ಹೆಸರಿನ ಮೊದಲ ಅಕ್ಷರ ಮಾತ್ರ ಬರೆದು ತೋರಿಸುತ್ತಾರೆ. ನನ್ನ ಗೆಳೆಯ ಆ ರಾತ್ರಿ ಒಂದು ನೀಲಿ ಉಂಡೆ. ‘ಈಗಲೂ ಕಳಿಸಬೇಕೇ’ ಅನ್ನುವ ಜಾಗದಲ್ಲಿ ಅವನ ಫೋಟೊ ಇದ್ದಿದ್ದರೆ, ಅಥವಾ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ ಆಮೇಲೆ ಕಳಿಸಿ ಅಂತ ಇದ್ದಿದ್ದರೆ? ಗೊತ್ತಿಲ್ಲ. ಆ ವಾಕ್ಯವನ್ನು ನಾನು ಇವತ್ತಿನ ತನಕ ಬಾಯಿಬಿಟ್ಟು ಹೇಳಿಲ್ಲ.

ಉಳಿದ ಲೇಖನಗಳು ನೀರು. ‘ಉಸಿರಾಟ’, ‘ಕೃತಜ್ಞತೆ’ ಇತ್ಯಾದಿ. ಬಿಡಿ.

ಒಂದು ಅಭ್ಯಾಸ ಮಾತ್ರ ಒಳ್ಳೆಯದಿದೆ, ಯಾಕೋ ಕೊನೆಯಲ್ಲಿ ಬಚ್ಚಿಟ್ಟಿದ್ದಾರೆ. ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಜೊತೆಗಾರರು 1990ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತೆಗೆದದ್ದು. ಒಬ್ಬರೇ ಎರಡು ಕತೆ ಬರೆಯಬೇಕು, ತನಗೆ ನೋವಾದದ್ದು ಒಂದು, ತಾನು ನೋವು ಮಾಡಿದ್ದು ಒಂದು. ಅದೇ ಮನುಷ್ಯರಾದರೂ ಕತೆಯ ಆಕಾರ ಬೇರೆಯಾಗುತ್ತಿತ್ತು. ನೋವು ತಿಂದ ಕತೆಯಲ್ಲಿ ಅದು ಇವತ್ತಿಗೂ ಮುಗಿದಿಲ್ಲ, ಮಾಡಿದವನಿಗೆ ಕಾರಣವೇ ಇರಲಿಲ್ಲ. ನೋವು ಮಾಡಿದ ಕತೆಯಲ್ಲಿ ಕಾರಣ ಇತ್ತು, ಅದು ಆಗಿಹೋಯಿತು, ಈಗ ಎಲ್ಲ ಸರಿಯಿದೆ.

ನಾನೂ ಬರೆದೆ. ಮೊದಲನೆಯದಕ್ಕೆ, ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಬ್ಬರು ಎಲ್ಲರ ಮುಂದೆ ನನ್ನ ಉಚ್ಚಾರವನ್ನು ಅಣಕಿಸಿದ್ದನ್ನು ಆರಿಸಿಕೊಂಡೆ. ಹನ್ನೆರಡು ವರ್ಷ ಹಿಂದಿನದು. ಅವರು ಹಾಕಿಕೊಂಡಿದ್ದ ಅಂಗಿಯ ಬಣ್ಣದ ಸಮೇತ ಎರಡೂವರೆ ಪುಟ ಬಂತು. ಎರಡನೆಯದಕ್ಕೆ ಗೆಳೆಯನದು. ಐದು ಸಾಲು. ‘ಕೆಲಸದ ಒತ್ತಡ ಇತ್ತು’ ಅನ್ನುವುದು ಮೊದಲ ಸಾಲಿನಲ್ಲೇ ಇತ್ತು. ‘ಮುಖಕ್ಕೆ ಕನ್ನಡಿ ಹಿಡಿದೆ ಅಷ್ಟೇ’ ಅಂತ ಮೂರನೇ ಸಾಲು. ಮಾಡುವ ಕೆಡುಕಿಗೆ ಚೆಂದದ ಹೆಸರಿಡುವುದು ಆತ್ಮಸಾಕ್ಷಿಯನ್ನು ಮಲಗಿಸುವ ಎಂಟು ಉಪಾಯಗಳಲ್ಲಿ ಒಂದು ಅಂತ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು ಪಟ್ಟಿ ಮಾಡಿದ್ದಾರೆ. ನನಗೆ ಅದು ಯಾರೂ ಹೇಳಿಕೊಡದೆ ಬಂದಿತ್ತು. ಕನ್ನಡಿಯಂತೆ, ಕನ್ನಡಿ.

ಐದು ಸಾಲನ್ನು ಹರಿದು ಮತ್ತೆ ಬರೆಯಲು ಕೂತೆ, ಈ ಸಲ ಕಾರಣ ಹೇಳಬಾರದು ಅಂತ. ಆಗ ಉಳಿದದ್ದು ಒಂದೇ, ನನಗೆ ಖುಷಿಯಾಗಿತ್ತು. ಅವನಿಗೆ ನೋವಾಗುತ್ತದೆ ಅನ್ನುವ ಖುಷಿ ಅಂತ ಹೇಳಿದರೆ ಅದೂ ಪೂರ್ತಿ ನಿಜವಲ್ಲ. ಸರಿಯಾದ ಪದ ಸಿಕ್ಕಾಗ ಆಗುವ ಖುಷಿ, ಬೀಗಕ್ಕೆ ಕೀಲಿ ಕೂತಾಗ ‘ಟಕ್’ ಅನ್ನುವುದು. ಕೆಲಸದಲ್ಲಿ ದಿನಕ್ಕೆ ಒಂದೆರಡು ಸಲ ಆಗುವಂಥದ್ದೇ. ನೋವು ಎಲ್ಲಿ ಅಂತ ಗೊತ್ತಿತ್ತು, ಆ ಗೊತ್ತಿರುವುದನ್ನು ಪಕ್ಕಕ್ಕಿಟ್ಟುಕೊಂಡು ವಾಕ್ಯ ಚೆನ್ನಾಗಿ ಮಾಡುತ್ತಾ ಹೋದೆ. ಒಂದೊಂದು ತಿದ್ದುಪಡಿಯೂ ಭಾಷೆಯ ದೃಷ್ಟಿಯಿಂದ ಸರಿಯೇ ಇತ್ತು. ಹದಿನಾರರ ವಯಸ್ಸಿನಲ್ಲಿ ಪಕ್ಕದವರ ಮರದಿಂದ ಪಿಯರ್ ಹಣ್ಣು ಕದ್ದು ಹಂದಿಗಳಿಗೆ ಎಸೆದೆವು, ಹಸಿವೆಗಲ್ಲ, ಮಾಡಬಾರದು ಅನ್ನುವುದೇ ರುಚಿಯಾಗಿತ್ತು ಅಂತ ಸಂತ ಅಗಸ್ಟೀನ್ ನಡುವಯಸ್ಸು ದಾಟುವಾಗಲೂ ಕೊರಗಿದ್ದಾನೆ. ಜೊತೆಗೆ ಗೆಳೆಯರಿಲ್ಲದಿದ್ದರೆ ಮಾಡುತ್ತಿರಲಿಲ್ಲ ಅಂತಲೂ ಸೇರಿಸುತ್ತಾನೆ. ನನ್ನ ಜೊತೆ ಯಾರೂ ಇರಲಿಲ್ಲ. ಒಂದು ಹಸಿರು ದೀಪ ಇತ್ತು.

ಆ್ಯಪ್ ಹಾಕಿಕೊಂಡವನೂ ನಾನೇ ಅನ್ನುವುದನ್ನು ಮರೆಯಬಾರದು. ಆಸೆಯ ಮೇಲೆ ಇನ್ನೊಂದು ಆಸೆ ಇಟ್ಟುಕೊಳ್ಳಬಲ್ಲದ್ದು ಮನುಷ್ಯನ ವಿಶೇಷ ಅಂತ ಹ್ಯಾರಿ ಫ್ರಾಂಕ್‌ಫರ್ಟ್ ಎಂಬ ತತ್ತ್ವಜ್ಞಾನಿ 1971ರಲ್ಲಿ ಬರೆದರು. ಚುಚ್ಚಬೇಕು ಅನ್ನುವುದು ಒಂದು ಆಸೆ, ಚುಚ್ಚುವ ಆಸೆಯೇ ನನಗೆ ಇರಬಾರದಿತ್ತು ಅನ್ನುವುದು ಅದರ ಮೇಲಿನದು. ಆ ಮೇಲಿನ ಆಸೆಯೇ ನನ್ನ ಕೈಯಲ್ಲಿ ಈ ಆ್ಯಪ್ ಹಾಕಿಸಿದ್ದು. ಅಕ್ಕನ ದಿನ ಅದು ಗೆದ್ದಿತು. ಗೆಳೆಯನ ದಿನ ಅದು ಸೋತಿತು ಅನ್ನಲೂ ಆಗುತ್ತಿಲ್ಲ, ಅದು ಬರಲೇ ಇಲ್ಲ. ನಾನು ಕರೆಯಲಿಲ್ಲ.

ಅವನಿಂದ ಏನು ಬಂತು ಅಂತ ಕೇಳುತ್ತೀರಿ. ಎರಡು ನೀಲಿ ಗೆರೆ ಬಿತ್ತು, ಓದಿದ. ಮರುದಿನ ಮಧ್ಯಾಹ್ನ ಅವನು ಮಾಡಬೇಕಿದ್ದ ಕಡತ ಬಂತು, ಯಾವಾಗಲೂ ಇಡುವ ಹಾಗೆ ತಾರೀಕು ಹಾಕಿ ಹೆಸರಿಟ್ಟದ್ದು. ಆಗಲೇ ಅದರ ಅಗತ್ಯ ಇರಲಿಲ್ಲ. ಜೊತೆಗೆ ಒಂದು ಪದವೂ ಇರಲಿಲ್ಲ. ಆಮೇಲೆ ಬೇರೆಯವರಿಂದ ಗೊತ್ತಾಯಿತು, ಆ ಎರಡು ದಿನ ಅವನು ಫೋನನ್ನು ಬೇಕೆಂದೇ ಬದಿಗಿಟ್ಟಿದ್ದ. ಅಪ್ಪ ಹೋದ ದಿನ ಅದು. ಪ್ರತಿ ವರ್ಷ ಹಾಗೇ ಮಾಡುತ್ತಾನಂತೆ. ಹದಿನೆಂಟು ವರ್ಷದ ಗೆಳೆಯನಾದ ನನಗೆ ಆ ತಾರೀಕು ತಿಳಿದಿರಲಿಲ್ಲ, ಎಲ್ಲಿ ಚುಚ್ಚಿದರೆ ನೋಯುತ್ತದೆ ಅನ್ನುವುದು ಮಾತ್ರ ತಿಳಿದಿತ್ತು.

ಯಾರು ಹಾಕಿಕೊಳ್ಳಬಹುದು? ಕಡ್ಡಿ ಗೀರಿದ ಹಾಗೆ ಸಿಟ್ಟು ಬಂದು ಅಷ್ಟೇ ಬೇಗ ಇಳಿಯುವವರು ಖಂಡಿತ ಹಾಕಿಕೊಳ್ಳಿ. ಅವಧಿ ‘ಬೆಳಗಿನ ತನಕ’ ಇಡಿ, ಹತ್ತು ನಿಮಿಷ ಬೇಡವೇ ಬೇಡ. ದನಿ ಪರೀಕ್ಷೆ ಆಫ್ ಮಾಡಿ. ಮಾತಿನಲ್ಲಿ ಚಾಲಾಕಿ ಇದ್ದವರು, ಬರವಣಿಗೆಯಲ್ಲೇ ಹೊಟ್ಟೆಪಾಡು ನೋಡಿಕೊಳ್ಳುವವರು ದೂರ ಇರುವುದು ಒಳ್ಳೆಯದು; ಇಂಥವರ ಕೈಗೆ ಸಮಯ ಕೊಡಬಾರದು. ಒಟ್ಟು ಐದಕ್ಕೆ ಎರಡು, ಎರಡೂ ಅಕ್ಕನ ಲೆಕ್ಕದಲ್ಲಿ.

ತೆಗೆದುಹಾಕೋಣ ಅಂತ ಹೋದ ತಿಂಗಳೇ ಹೊರಟಿದ್ದೆ. ಆದರೆ ನಾಲ್ಕು ತಿಂಗಳಿಂದ ಅದರೊಳಗೆ ಗೆಳೆಯನಿಗೆ ಬರೆದ ಒಂದು ಸಂದೇಶ ತಡೆಯಲ್ಲಿದೆ. ದೊಡ್ಡದೇನಲ್ಲ. ಅಪ್ಪನ ಮಾತು ಎತ್ತಿದ್ದು ತಪ್ಪು, ಗೊತ್ತಿದ್ದೇ ಮಾಡಿದೆ, ಕ್ಷಮಿಸು ಅಂತ. ಅದರಲ್ಲಿ ‘ಸಾವು’ ಅನ್ನುವ ಪದ ಇದೆ ಅಂತ ದನಿ ಪರೀಕ್ಷೆ ಹಳದಿ ದೀಪ ಹಚ್ಚಿ ‘ಮರುಪರಿಶೀಲಿಸಿ’ ಅನ್ನುತ್ತದೆ. ‘ಗೊತ್ತಿದ್ದೇ ಮಾಡಿದೆ’ ಅನ್ನುವುದನ್ನು ಮೂರು ಸಲ ತೆಗೆದು ಮೂರು ಸಲ ಸೇರಿಸಿದ್ದೇನೆ, ಇತಿಹಾಸದಲ್ಲಿದೆ. ದಿನಾ ಬೆಳಗ್ಗೆ ಆರೂವರೆಗೆ ಅದೇ ಪ್ರಶ್ನೆ ಕೇಳುತ್ತದೆ, ಅದೇ ಮೂರು ಬಟನ್. ನಾನು ‘ತಿದ್ದು’ ಒತ್ತಿ, ಏನೂ ತಿದ್ದದೆ ಹೊರಗೆ ಬರುತ್ತೇನೆ. ಹಾಗೆ ಮಾಡಿದರೆ ಮರುದಿನದ ತನಕ ಸುಮ್ಮನಿರುತ್ತದೆ. ಆ್ಯಪ್ ತೆಗೆಯಲು ಹೋದಾಗ ಎಚ್ಚರಿಕೆ ಬಂತು: ‘ತಡೆಯಲ್ಲಿರುವ 1 ಸಂದೇಶ ಅಳಿಸಿಹೋಗುತ್ತದೆ.’ ಅದಕ್ಕೇ ಇನ್ನೂ ತೆಗೆದಿಲ್ಲ.